ಜೆರ್ಮ್ಯಾಟ್‌ಗೆ ಇಬ್ಬರ ಪ್ರವಾಸ: ಬೆಟ್ಟಕ್ಕೆ ದಿನಗಳನ್ನು ಬಿಟ್ಟುಕೊಟ್ಟು ಯೋಜಿಸುವ ಬಗೆ

ಸ್ವಿಟ್ಜರ್ಲೆಂಡಿನ ದಕ್ಷಿಣದಲ್ಲಿ, ಇಟಲಿಯ ಗಡಿಗೆ ಹತ್ತಿರದಲ್ಲಿರುವ ಜೆರ್ಮ್ಯಾಟ್‌ಗೆ ಹೊರಡುವ ದಂಪತಿಗಳ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರವಿರುತ್ತದೆ. ನೀಲಿ ಆಕಾಶದಲ್ಲಿ ಒಂಟಿಯಾಗಿ ನಿಂತ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರ, ಅದರ ಮುಂದೆ ತಾವಿಬ್ಬರು. ಆದರೆ ಆ ಶಿಖರ ಕೇಳಿದಾಗಲೆಲ್ಲ ಕಾಣಿಸಿಕೊಳ್ಳುವುದಿಲ್ಲ. ಅದು ನಾಲ್ಕು ಮುಖಗಳ ಪಿರಮಿಡ್ಡಿನಂತೆ ಕಡಿದಾಗಿ ಮೇಲೆದ್ದಿರುವುದರಿಂದ, ಬಡಿದ ಗಾಳಿ ಇಕ್ಕೆಲಗಳಲ್ಲಿ ಸುತ್ತಿಕೊಂಡು ಹೋಗಿ, ಗಾಳಿಯ ಮರೆಯಲ್ಲಿರುವ ಮಗ್ಗುಲಲ್ಲಿ ಒತ್ತಡ ಕಡಿಮೆಯಾಗುತ್ತದೆ; ಆಗ ಕೆಳಗಿನ ತೇವದ ಗಾಳಿ ಮೇಲಕ್ಕೆ ಸೆಳೆಯಲ್ಪಟ್ಟು ಅಲ್ಲಿಯೇ ಮೋಡವಾಗಿ, ಬಾವುಟದಂತೆ ಶಿಖರಕ್ಕೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕಣಿವೆ ಕಾಯುತ್ತಾ ಹೋದಂತೆ ಮಧ್ಯಾಹ್ನದ ಹೊತ್ತಿಗೆ ಮೋಡ ಇನ್ನಷ್ಟು ದಟ್ಟವಾಗುವುದು ಸಾಮಾನ್ಯ. ಒಂದೇ ರಾತ್ರಿ ತಂಗುವಂತೆ ಕಾರ್ಯಕ್ರಮ ಹಾಕಿಕೊಂಡು, ಮಧ್ಯಾಹ್ನ ಬಂದು ಮರುದಿನ ಮಧ್ಯಾಹ್ನ ಹೊರಡುವವರ ಪಾಲಿಗೆ ಸಿಗುವುದು ಒಂದೇ ಒಂದು ಮುಂಜಾನೆ. ಆ ಮುಂಜಾನೆ ಮಳೆಯಾದರೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ಈ ಊರಿನ ಮಟ್ಟಿಗೆ ನನ್ನ ಮೊದಲ ಸಲಹೆ ದಿನಗಳ ಲೆಕ್ಕದ್ದು: ಕನಿಷ್ಠ ನಾಲ್ಕು ರಾತ್ರಿಗಳನ್ನು ಇಲ್ಲಿಯೇ ಕಳೆಯಿರಿ. ಒಂದೇ ವಾರದಲ್ಲಿ ಐದು ಊರುಗಳನ್ನು ಮುಗಿಸುವ ಆಸೆಯನ್ನು ಇಬ್ಬರೂ ಸೇರಿ ಕೈಬಿಡಬೇಕು. ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು, ರೈಲಿನ ಸಮಯ ನೋಡುವುದು, ಇವುಗಳಲ್ಲೇ ಕಳೆದುಹೋಗುವ ಗಂಟೆಗಳು ನಿಜವಾಗಿ ನೀವಿಬ್ಬರೂ ಒಟ್ಟಿಗೆ ಇರಬೇಕೆಂದು ಹೊರಟಿದ್ದ ಗಂಟೆಗಳು.

ಟಿಕೆಟ್ಟಿಗೂ ಮೊದಲು ಮಾತು

ವಿಮಾನದ ದರ ನೋಡುವ ಮೊದಲೇ ಇಬ್ಬರೂ ಕುಳಿತು ಮೂರು ವಿಷಯಗಳನ್ನು ಬಿಚ್ಚಿ ಮಾತನಾಡುವುದು ಒಳ್ಳೆಯದು. ಪ್ರತಿಯೊಬ್ಬರಿಗೂ ಈ ಪ್ರವಾಸದಲ್ಲಿ ಆಗಲೇಬೇಕಾದದ್ದು ಯಾವುದು ಎಂಬುದು ಮೊದಲನೆಯದು. ಒಬ್ಬರಿಗೆ ಹಿಮನದಿಯನ್ನು ಹತ್ತಿರದಿಂದ ನೋಡುವ ಆಸೆಯಿರಬಹುದು. ಮತ್ತೊಬ್ಬರಿಗೆ ಬಾಲ್ಕನಿಯಲ್ಲಿ ಕುಳಿತು ಗಡಿಯಾರ ನೋಡದೆ ಚಹಾ ಕುಡಿಯುವ ಆಸೆಯಿರಬಹುದು. ಎರಡೂ ಸಮಾನವಾದ ಆಸೆಗಳೇ, ಎರಡಕ್ಕೂ ದಿನ ಮೀಸಲಿಡಬೇಕು. ಎಷ್ಟು ನಡೆಯಬಲ್ಲೆವು ಎಂಬುದು ಎರಡನೆಯದು. ಸಮತಟ್ಟಾದ ರಸ್ತೆಯಲ್ಲಿ ಒಂದೇ ಹೆಜ್ಜೆಯಲ್ಲಿ ಸಾಗುವ ಇಬ್ಬರು, 2,500 ಮೀಟರ್ ಎತ್ತರದ ಕಲ್ಲುಹಾದಿಯಲ್ಲಿ ಹಾಗೆ ಸಾಗಲಾರರು. ನಿಧಾನವಾಗಿ ನಡೆಯುವವರು ಮುಂದೆ ನಡೆಯಬೇಕು, ವೇಗವಾಗಿ ನಡೆಯುವವರು ಹಿಂದೆ ಬರಬೇಕು ಎಂಬ ಒಪ್ಪಂದವನ್ನು ಮನೆಯಲ್ಲೇ ಮಾಡಿಕೊಂಡರೆ ಬೆಟ್ಟದ ಮೇಲೆ ಮುನಿಸಿಗೆ ಎಡೆಯಿರುವುದಿಲ್ಲ. ಮೂರನೆಯದು, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಇಬ್ಬರಲ್ಲಿ ಯಾರೇ ಆಗಲಿ ‘ಇನ್ನು ಸಾಕು, ಹಿಂತಿರುಗೋಣ’ ಎಂದರೆ ಮತ್ತೊಬ್ಬರು ಕಾರಣ ಕೇಳದೆ ಒಪ್ಪಬೇಕು.

ಹಣದ ಮಾತೂ ಈಗಲೇ ಆಗಬೇಕು. ಸ್ವಿಟ್ಜರ್ಲೆಂಡಿನಲ್ಲಿ ಯೂರೋ ಅಲ್ಲ, ಸ್ವಿಸ್ ಫ್ರಾಂಕ್ ಚಲಾವಣೆಯಲ್ಲಿದೆ. ಆ ದುಬಾರಿ ದೇಶದಲ್ಲೂ ಜೆರ್ಮ್ಯಾಟ್ ದುಬಾರಿ ಊರು. ಖರ್ಚಿನ ದೊಡ್ಡ ಪಾಲು ಕೋಣೆಗೂ ಬೆಟ್ಟ ಹತ್ತುವ ರೈಲು ಮತ್ತು ಕೇಬಲ್ ಕಾರುಗಳಿಗೂ ಹೋಗುತ್ತದೆ. ಎಲ್ಲ ಬೆಟ್ಟಗಳನ್ನೂ ಹತ್ತಲೇಬೇಕೆಂಬ ನಿಯಮವಿಲ್ಲ. ಎರಡು ಸವಾರಿಗಳನ್ನು ಚೆನ್ನಾಗಿ ಆರಿಸಿಕೊಂಡು, ಉಳಿದ ದಿನಗಳನ್ನು ಊರಿನ ಸುತ್ತಲಿನ ಕಾಲುಹಾದಿಗಳಲ್ಲಿ ಕಳೆದರೂ ಪ್ರವಾಸ ತುಂಬಿಕೊಂಡೇ ಇರುತ್ತದೆ.

ಯಾವ ತಿಂಗಳು

ನಡಿಗೆ ನಿಮ್ಮ ಉದ್ದೇಶವಾದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗಿನ ಕಾಲ ಸೂಕ್ತ. ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಹೂವು ಹೆಚ್ಚು, ಜನವೂ ಹೆಚ್ಚು. ಸೆಪ್ಟೆಂಬರಿನಲ್ಲಿ ಗಾಳಿ ತಿಳಿಯಾಗಿ, ಜನಸಂದಣಿ ಇಳಿಯುತ್ತದೆ. ಇಬ್ಬರೇ ಹೋಗುವವರಿಗೆ ನಾನು ಸೂಚಿಸುವುದು ಅದನ್ನೇ. ಅಕ್ಟೋಬರ್ ನಡುವಿನ ಹೊತ್ತಿಗೆ ಲಾರ್ಚ್ ಮರಗಳ ಸೂಜಿ ಎಲೆಗಳು ಉದುರುವ ಮೊದಲು ಹೊಂಬಣ್ಣಕ್ಕೆ ತಿರುಗುತ್ತವೆ, ಇಡೀ ಇಳಿಜಾರು ಬೆಳಗಿದಂತೆ ಕಾಣುತ್ತದೆ. ಆದರೆ ಆಗಲೇ ಕೆಲವು ಕೇಬಲ್ ಕಾರುಗಳು ನಿಲ್ಲತೊಡಗುತ್ತವೆ. ನವೆಂಬರ್ ಮತ್ತು ಮೇ ತಿಂಗಳುಗಳಲ್ಲಿ ದರ ಕಡಿಮೆಯೆಂದು ಹೊರಡುವವರು ಎಚ್ಚರದಿಂದಿರಬೇಕು, ಏಕೆಂದರೆ ಹಲವು ಹೋಟೆಲ್‌ಗಳು ಬಾಗಿಲು ಹಾಕಿರುತ್ತವೆ, ಬೆಟ್ಟದ ಸಾಗಣೆಯೂ ದುರಸ್ತಿಗಾಗಿ ಅಲ್ಲಲ್ಲಿ ಸ್ಥಗಿತಗೊಂಡಿರುತ್ತದೆ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಊರು ಸ್ಕೀ ಆಡುವವರದು. ಸ್ಕೀ ಬಾರದ ದಂಪತಿಗಳಿಗೂ ಹಿಮದ ಮೇಲೆ ಸಿದ್ಧಪಡಿಸಿದ ನಡಿಗೆಯ ಹಾದಿಗಳಿವೆ; ಗೋರ್ನರ್‌ಗ್ರಾಟ್ ಬೆಟ್ಟದ ರೈಲಿನ ರೋಟೆನ್‌ಬೋಡೆನ್ ನಿಲ್ದಾಣದಿಂದ ಕೆಳಗಿನ ರಿಫೆಲ್‌ಬೆರ್ಗ್ ನಿಲ್ದಾಣದವರೆಗೆ ಸ್ಲೆಡ್ಜ್ ಮೇಲೆ ಕುಳಿತು ಜಾರುವ ಹಾದಿಯೂ ಇದೆ. ಚಳಿಗಾಲಕ್ಕೆ ಒಂದು ಮುನ್ನೆಚ್ಚರಿಕೆ ಅಗತ್ಯ. ಈ ಊರಿಗೆ ಇರುವುದು ಒಂದೇ ಕಣಿವೆಯ ದಾರಿ. 2018ರ ಜನವರಿಯಲ್ಲಿ ಭಾರಿ ಹಿಮಪಾತವಾಗಿ ರಸ್ತೆಯೂ ರೈಲೂ ಮುಚ್ಚಿದಾಗ ಸಾವಿರಾರು ಪ್ರವಾಸಿಗರು ಊರಿನಲ್ಲೇ ಉಳಿಯಬೇಕಾಯಿತು. ಹಿಂತಿರುಗುವ ವಿಮಾನದ ಹಿಂದಿನ ರಾತ್ರಿಯನ್ನು ಜ್ಯೂರಿಕ್ ಅಥವಾ ಜಿನೀವಾದಲ್ಲಿ ಕಳೆಯುವಂತೆ ಹೊಂದಿಸಿಕೊಂಡರೆ ಇಂತಹ ಸಂಕಟದ ಭಯ ಕಡಿಮೆಯಾಗುತ್ತದೆ.

ಕಾಗದಪತ್ರಗಳು

ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲದಿದ್ದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯಕ್ಕೆ ಸೇರಿದೆ. ವೀಸಾ ಬೇಕಾಗುವ ಪ್ರಯಾಣಿಕರು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು, ಕನಿಷ್ಠ 15 ದಿನ ಮೊದಲಾದರೂ ಸಲ್ಲಿಸಿರಬೇಕು. ಕೊನೆಯ ವಾರದವರೆಗೆ ಕಾಯುವುದು ಸರಿಯಲ್ಲ. ದಂಪತಿಗಳಾದರೂ ಇಬ್ಬರೂ ಪ್ರತ್ಯೇಕ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಷೆಂಗೆನ್ ವಲಯದಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಊರ್ಜಿತವಾಗಿರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವೆಚ್ಚವನ್ನು ಭರಿಸುವಂತಿರಬೇಕು. ವಿಮೆಯ ಷರತ್ತುಗಳಲ್ಲಿ ಬೆಟ್ಟದ ಮೇಲಿನಿಂದ ಹೆಲಿಕಾಪ್ಟರಿನಲ್ಲಿ ಪಾರುಮಾಡುವ ವೆಚ್ಚ ಸೇರಿದೆಯೇ ಎಂಬುದನ್ನು ಓದಿ ಖಚಿತಪಡಿಸಿಕೊಳ್ಳಿ. ಅಗ್ಗದ ಪಾಲಿಸಿಗಳಲ್ಲಿ ಅದು ಬಿಟ್ಟುಹೋಗಿರಬಹುದು.

ಊರು ತಲುಪುವುದು

ಜೆರ್ಮ್ಯಾಟ್‌ನಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪ್ರವೇಶವಿಲ್ಲ. ಕಾರಿನಲ್ಲಿ ಬರುವವರು ಐದು ಕಿಲೋಮೀಟರ್ ಕೆಳಗಿರುವ ಟ್ಯಾಶ್ ಎಂಬಲ್ಲಿ ವಾಹನ ನಿಲ್ಲಿಸಿ, ಸುಮಾರು 12 ನಿಮಿಷದ ಷಟಲ್ ರೈಲಿನಲ್ಲಿ ಬರಬೇಕು. ಆದ್ದರಿಂದ ಈ ಊರಿಗೆಂದೇ ಕಾರು ಬಾಡಿಗೆಗೆ ಪಡೆಯುವುದರಲ್ಲಿ ಅರ್ಥವಿಲ್ಲ. ಜ್ಯೂರಿಕ್ ವಿಮಾನ ನಿಲ್ದಾಣದಿಂದ ವಿಸ್ಪ್ ಎಂಬಲ್ಲಿ ರೈಲು ಬದಲಿಸಿದರೆ ಸುಮಾರು ಮೂರೂವರೆ ಗಂಟೆಯಲ್ಲಿ ತಲುಪಬಹುದು. ಜಿನೀವಾದಿಂದ ಬಂದರೆ ಹೆಚ್ಚುಕಡಿಮೆ ನಾಲ್ಕು ಗಂಟೆ, ಬದಲಿಸುವುದು ಅದೇ ವಿಸ್ಪ್‌ನಲ್ಲಿ. ವಿಸ್ಪ್‌ನಿಂದ ಮೇಲಿನ ಒಂದು ಗಂಟೆಗೂ ಸ್ವಲ್ಪ ಹೆಚ್ಚಿನ ಪ್ರಯಾಣದಲ್ಲಿ ರೈಲು ಕಡಿದಾದ ಕಡೆಗಳಲ್ಲಿ ಹಲ್ಲುಗಾಲಿಯ ಹಳಿಗೆ ಕಚ್ಚಿಕೊಂಡು ಕಣಿವೆ ಏರುತ್ತದೆ. ಈ ಭಾಗವನ್ನು ಹಗಲಿನಲ್ಲೇ ಪ್ರಯಾಣಿಸಿ.

ದೇಶದ ಬೇರೆ ಊರುಗಳಿಗೂ ಹೋಗುವವರು ಸ್ವಿಸ್ ಟ್ರಾವೆಲ್ ಪಾಸ್‌ನ ಲೆಕ್ಕ ಹಾಕಿ ನೋಡಬೇಕು. ಅದು 3, 4, 6, 8 ಮತ್ತು 15 ದಿನಗಳ ಅವಧಿಗೆ ದೊರೆಯುತ್ತದೆ. ಜೆರ್ಮ್ಯಾಟ್‌ವರೆಗಿನ ರೈಲುಪ್ರಯಾಣ ಪೂರ್ತಿ ಅದರಲ್ಲೇ ಬರುತ್ತದೆ, ಆದರೆ ಅಲ್ಲಿಂದ ಮೇಲಿನ ಬೆಟ್ಟದ ಸವಾರಿಗಳಿಗೆ ಅರ್ಧ ದರದ ರಿಯಾಯಿತಿ ಮಾತ್ರ. ಹಲವರು ಎಲ್ಲವೂ ಪಾಸಿನಲ್ಲೇ ಉಚಿತವೆಂದು ತಿಳಿದು ಬಂದು ಟಿಕೆಟ್ ಕಿಟಕಿಯ ಬಳಿ ತಬ್ಬಿಬ್ಬಾಗುತ್ತಾರೆ. ನಾಲ್ಕು ದಿನ ಒಂದೇ ಊರಿನಲ್ಲಿ ಉಳಿಯುವವರಿಗೆ ದಿನಲೆಕ್ಕದ ಪಾಸಿಗಿಂತ, ಒಂದು ತಿಂಗಳ ಕಾಲ ಟಿಕೆಟ್‌ಗಳನ್ನು ಅರ್ಧ ದರಕ್ಕೆ ಕೊಡಿಸುವ ಹಾಫ್ ಫೇರ್ ಕಾರ್ಡ್ ಅಗ್ಗವಾಗಬಹುದು. ಎರಡನ್ನೂ ಕಾಗದದ ಮೇಲೆ ಕೂಡಿ ನೋಡಿಯೇ ನಿರ್ಧರಿಸಿ.

ಕೋಣೆಯ ಆಯ್ಕೆ

ಕೋಣೆಯ ವಿಷಯದಲ್ಲಿ ಜಿಪುಣತನ ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ಬಿಡಿಸಿ ಹೇಳಬೇಕು. ದೊಡ್ಡ ಕೋಣೆ, ಈಜುಕೊಳ, ಹೆಸರಾಂತ ಹೋಟೆಲ್, ಇವುಗಳಿಲ್ಲದೆಯೂ ನಡೆಯುತ್ತದೆ. ಆದರೆ ಮ್ಯಾಟರ್‌ಹಾರ್ನ್ ಕಾಣುವ ಬಾಲ್ಕನಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ಶಿಖರ ಊರಿನ ನೈಋತ್ಯ ದಿಕ್ಕಿನಲ್ಲಿದೆ. ಮುಂಜಾನೆ ಎದ್ದು ಪರದೆ ಸರಿಸಿದ ಕೂಡಲೇ ಅದು ಕಾಣುತ್ತದೆಯೆಂದರೆ, ಆ ದಿನ ಬೆಟ್ಟ ಹತ್ತಬೇಕೇ ಬೇಡವೇ ಎಂಬ ತೀರ್ಮಾನ ಹಾಸಿಗೆಯಲ್ಲೇ ಆಗಿಬಿಡುತ್ತದೆ. ಮೋಡ ಮುಸುಕಿದ ದಿನವೂ ಆಗಾಗ ಸರಿಯುವ ತೆರೆಯ ನಡುವೆ ಅದು ಇಣುಕುವುದನ್ನು ಇಬ್ಬರೂ ಕುಳಿತು ಕಾಯಬಹುದು. ಕಾಯ್ದಿರಿಸುವಾಗ ‘ಬೆಟ್ಟದ ನೋಟ’ ಎಂಬ ಮಾತಿಗೆ ಮರುಳಾಗಬೇಡಿ, ಅಲ್ಲಿ ಯಾವ ಕಿಟಕಿ ತೆರೆದರೂ ಒಂದಲ್ಲ ಒಂದು ಬೆಟ್ಟ ಕಾಣುತ್ತದೆ. ಮ್ಯಾಟರ್‌ಹಾರ್ನ್ ಕಾಣುತ್ತದೆಯೇ ಎಂದು ಹೆಸರಿಟ್ಟು ಕೇಳಿ, ಲಿಖಿತ ಉತ್ತರ ಪಡೆಯಿರಿ.

ಊರು ಉದ್ದಕ್ಕೆ ಚಾಚಿಕೊಂಡಿದ್ದರೂ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬಹುದು. ಹಲವು ಹೋಟೆಲ್‌ಗಳು ವಿದ್ಯುತ್ ಬಂಡಿ ಕಳುಹಿಸಿ ನಿಲ್ದಾಣದಿಂದ ಕರೆದೊಯ್ಯುತ್ತವೆ, ಮುಂಚಿತವಾಗಿ ರೈಲಿನ ಸಮಯ ತಿಳಿಸಿದ್ದರೆ ಸಾಕು. ಪ್ರತಿ ವ್ಯಕ್ತಿಗೆ, ಪ್ರತಿ ರಾತ್ರಿಗೆ ವಿಧಿಸುವ ಪ್ರವಾಸಿ ತೆರಿಗೆ ಕೋಣೆಯ ದರದಲ್ಲಿ ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಅಡುಗೆಮನೆಯುಳ್ಳ ಅಪಾರ್ಟ್‌ಮೆಂಟ್ ಸಿಕ್ಕರೆ ಊಟದ ಖರ್ಚು ಗಣನೀಯವಾಗಿ ಇಳಿಯುತ್ತದೆ. ದಿನಸಿ ಕೊಳ್ಳಲು ನಿಲ್ದಾಣದ ಹತ್ತಿರವೇ ಸೂಪರ್ ಮಾರ್ಕೆಟ್ ಇದೆ.

ದಿನಗಳನ್ನು ಜೋಡಿಸುವುದು

ಇಡೀ ಯೋಜನೆಯ ತಿರುಳು ಇಲ್ಲಿದೆ. ವಿಮಾನ, ಕೋಣೆ, ವೀಸಾ, ವಿಮೆ, ಇಷ್ಟನ್ನು ಮಾತ್ರ ಮುಂಚಿತವಾಗಿ ಗಟ್ಟಿ ಮಾಡಿ. ಎತ್ತರದ ಸವಾರಿಗಳ ಟಿಕೆಟ್‌ಗಳನ್ನು ಯಾವುದೋ ಒಂದು ತಾರೀಖಿಗೆ ಕಟ್ಟಿಹಾಕಿ ಮನೆಯಿಂದಲೇ ಕೊಳ್ಳಬೇಡಿ. ಬೆಟ್ಟದ ಮೇಲಿನ ಕ್ಯಾಮೆರಾಗಳ ನೇರ ದೃಶ್ಯವನ್ನು ಬೆಳಿಗ್ಗೆ ಮೊಬೈಲಿನಲ್ಲಿ ನೋಡಿ, ಸ್ವಿಸ್ ಹವಾಮಾನ ಇಲಾಖೆಯ ಆ್ಯಪ್‌ನಲ್ಲಿ ಮುನ್ಸೂಚನೆ ಓದಿ, ಆಮೇಲೆ ಟಿಕೆಟ್ ಕೊಂಡರೆ ಕೊಟ್ಟ ಹಣಕ್ಕೆ ನೋಟ ಸಿಗುತ್ತದೆ. ದಿನಗಳಿಗೆ ಹೆಸರು ಕೊಡಬೇಡಿ. ಬದಲಿಗೆ ಒಂದು ತಿಳಿ ಬೆಳಗಿಗೆ ಏನು, ಎರಡನೆಯ ತಿಳಿ ಬೆಳಗಿಗೆ ಏನು, ಮಳೆಯಾದರೆ ಏನು ಎಂದು ಮೂರು ಪಟ್ಟಿಗಳನ್ನು ಇಟ್ಟುಕೊಳ್ಳಿ.

ತಲುಪಿದ ದಿನ ಎಲ್ಲಿಗೂ ಹತ್ತಬೇಡಿ. ಊರೇ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ದೀರ್ಘ ಪ್ರಯಾಣದ ದಣಿವೂ ಇರುತ್ತದೆ. ಸಂಜೆ ಹಿಂಟರ್‌ಡೋರ್ಫ್ ಎಂಬ ಹಳೆಯ ಕೇರಿಯಲ್ಲಿ ತಿರುಗಾಡಿ. ಬಿಸಿಲಿಗೆ ಕಪ್ಪಾದ ಲಾರ್ಚ್ ಮರದ ಹಳೆಯ ಕಣಜಗಳು ಅಲ್ಲಿ ಕಂಬಗಳ ಮೇಲೆ ನಿಂತಿವೆ, ಪ್ರತಿ ಕಂಬದ ಮೇಲೂ ದುಂಡನೆಯ ಚಪ್ಪಡಿ ಕಲ್ಲೊಂದಿದೆ. ಇಲಿಗಳು ಕಂಬ ಏರಿ ಬಂದರೂ ಆ ಕಲ್ಲಿನ ಅಂಚನ್ನು ದಾಟಿ ಧಾನ್ಯದವರೆಗೆ ಹೋಗಲಾರವು ಎಂಬುದು ಅದರ ಉಪಾಯ.

ಮೊದಲ ತಿಳಿ ಬೆಳಗನ್ನು ನಾನಾದರೆ ಗೋರ್ನರ್‌ಗ್ರಾಟ್ ರೈಲಿಗೆ ಕೊಡುತ್ತೇನೆ. 1898ರಲ್ಲಿ ಆರಂಭವಾದ ಇದು ಸ್ವಿಟ್ಜರ್ಲೆಂಡಿನ ಮೊದಲ ವಿದ್ಯುತ್ ಚಾಲಿತ ಹಲ್ಲುಹಳಿ ರೈಲು. ಸುಮಾರು 33 ನಿಮಿಷದಲ್ಲಿ 3,089 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಹತ್ತುವಾಗ ಬಲಬದಿಯ ಕಿಟಕಿ ಹಿಡಿದು ಕುಳಿತರೆ ಮ್ಯಾಟರ್‌ಹಾರ್ನ್ ಜೊತೆಯಲ್ಲೇ ಬರುತ್ತದೆ. ಮೇಲೆ ನಿಂತಾಗ ಒಂದೆಡೆ ಗೋರ್ನರ್ ಹಿಮನದಿ, ಅದರಾಚೆ ಸ್ವಿಟ್ಜರ್ಲೆಂಡಿನ ಅತಿ ಎತ್ತರದ ಶಿಖರವಾದ 4,634 ಮೀಟರಿನ ಡುಫೂರ್‌ಸ್ಪಿಟ್ಸೆ. ಬೆಳಗಿನ ಮೊದಲ ರೈಲುಗಳಲ್ಲೇ ಹೋಗಿ. ಹಿಂತಿರುಗುವಾಗ ಒಂದು ನಿಲ್ದಾಣ ಕೆಳಗೆ, ರೋಟೆನ್‌ಬೋಡೆನ್‌ನಲ್ಲಿ ಇಳಿದು ಹತ್ತು ನಿಮಿಷ ಕೆಳಗೆ ನಡೆದರೆ ರಿಫೆಲ್‌ಸೀ ಎಂಬ ಪುಟ್ಟ ಕೊಳವಿದೆ. ಗಾಳಿ ಏಳುವ ಮೊದಲು ಅಲ್ಲಿದ್ದರೆ ಶಿಖರ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ನೀರು ಕದಡಿದ ಮೇಲೆ ಬಂದವರಿಗೆ ಅದು ಬರಿಯ ಕೊಳ. ಅಲ್ಲಿಂದ ರಿಫೆಲ್‌ಬೆರ್ಗ್‌ವರೆಗಿನ ಇಳಿಜಾರು ಹಾದಿಯನ್ನು ನಡೆದೇ ಮುಗಿಸಿ, ಅಲ್ಲಿ ಮತ್ತೆ ರೈಲು ಹಿಡಿಯಬಹುದು. ಬೇಸಿಗೆಯಲ್ಲಿ ಈ ಇಳಿಜಾರುಗಳಲ್ಲಿ ಕಪ್ಪು ಮೂತಿಯ, ಉದ್ದ ಉಣ್ಣೆಯ ವಲಾಯ್ ಕುರಿಗಳು ಮೇಯುತ್ತಿರುತ್ತವೆ.

ಎರಡನೆಯ ತಿಳಿ ಬೆಳಗಿಗೆ ಐದು ಕೊಳಗಳ ನಡಿಗೆ. ಸುರಂಗದೊಳಗೆ ಓಡುವ ರೈಲು ಕೆಲವೇ ನಿಮಿಷಗಳಲ್ಲಿ 2,288 ಮೀಟರಿನ ಸುನ್ನೆಗ್ಗಾಕ್ಕೆ ಏರಿಸುತ್ತದೆ, ಅಲ್ಲಿಂದ ಮೇಲಿನ ಬ್ಲೌಹೆರ್ಡ್ ನಿಲ್ದಾಣಕ್ಕೆ ಗೊಂಡೊಲಾ, ಅಂದರೆ ಸಣ್ಣ ಪೆಟ್ಟಿಗೆಗಳ ಕೇಬಲ್ ಕಾರು. ಸ್ಟೆಲ್ಲಿಸೀ, ಗ್ರಿಂಡ್‌ಯಿಸೀ, ಗ್ರ್ಯೂನ್‌ಸೀ, ಮೋಸ್‌ಯಿಸೀ ಮತ್ತು ಲೈಸೀ ಎಂಬ ಐದು ಕೊಳಗಳನ್ನು ಮುಟ್ಟುವ ಈ ಹಾದಿ ಹತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಪುಸ್ತಕದ ಲೆಕ್ಕದಲ್ಲಿ ಮೂರು ಗಂಟೆಯೊಳಗೆ ಮುಗಿದರೂ ಇಬ್ಬರೇ ಹೋದಾಗ ಐದು ಗಂಟೆ ಇಟ್ಟುಕೊಳ್ಳಿ. ಸ್ಟೆಲ್ಲಿಸೀ, ಗ್ರಿಂಡ್‌ಯಿಸೀ ಮತ್ತು ಲೈಸೀಗಳಲ್ಲಿ ಮ್ಯಾಟರ್‌ಹಾರ್ನ್ ಪ್ರತಿಬಿಂಬ ಮೂಡುತ್ತದೆ. ನಡಿಗೆ ಹೆಚ್ಚೆನಿಸಿದರೆ ಬ್ಲೌಹೆರ್ಡ್‌ನಿಂದ ಸುಮಾರು ಇಪ್ಪತ್ತು ನಿಮಿಷದ ಸ್ಟೆಲ್ಲಿಸೀಯನ್ನು ನೋಡಿ ಮರಳಿ, ಸುನ್ನೆಗ್ಗಾದ ಕೆಳಗೇ ಇರುವ ಲೈಸೀ ದಂಡೆಯಲ್ಲಿ ಬುತ್ತಿ ಬಿಚ್ಚಿ ಕುಳಿತರೂ ಆ ದಿನ ತುಂಬಿಬರುತ್ತದೆ.

3,883 ಮೀಟರ್ ಎತ್ತರದಲ್ಲಿರುವ ಮ್ಯಾಟರ್‌ಹಾರ್ನ್ ಗ್ಲೇಸಿಯರ್ ಪ್ಯಾರಡೈಸ್, ಯುರೋಪಿನ ಅತಿ ಎತ್ತರದ ಕೇಬಲ್ ಕಾರ್ ನಿಲ್ದಾಣ. ಹಿಮನದಿಯೊಳಗೆ ಕೊರೆದ ಗುಹೆ ಅಲ್ಲಿದೆ. 2023ರಿಂದ ಅಲ್ಲಿಂದ ಇಟಲಿಯ ಕಡೆಗೂ ಕೇಬಲ್ ಕಾರಿನಲ್ಲೇ ದಾಟಬಹುದು, ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಆದರೆ ಊರಿನಿಂದ ಒಂದು ಗಂಟೆಯೊಳಗೆ 2,200 ಮೀಟರಿಗೂ ಹೆಚ್ಚು ಏರಿಬಿಡುವುದರಿಂದ ತಲೆನೋವು, ಏದುಸಿರು, ತಲೆಸುತ್ತು ಬರಬಹುದು. ಇದನ್ನು ಮೂರನೆಯ ಅಥವಾ ನಾಲ್ಕನೆಯ ದಿನಕ್ಕೆ ಇಟ್ಟುಕೊಳ್ಳಿ, ಮೇಲೆ ನಿಧಾನವಾಗಿ ನಡೆಯಿರಿ, ನೀರು ಕುಡಿಯುತ್ತಿರಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಹೋಗಬಾರದು. ಗೋರ್ನರ್‌ಗ್ರಾಟ್ ಮತ್ತು ಇದು, ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ನಾನು ಗೋರ್ನರ್‌ಗ್ರಾಟ್ ಆರಿಸುತ್ತೇನೆ. ಏಕೆಂದರೆ ಅಲ್ಲಿಂದಲೇ ಊರಿನಿಂದ ಕಾಣುವ ಮ್ಯಾಟರ್‌ಹಾರ್ನ್‌ನ ಪರಿಚಿತ ರೂಪ ಕಾಣುವುದು. ಅತಿ ಎತ್ತರದ ನಿಲ್ದಾಣದಿಂದ ಶಿಖರದ ಆಕಾರವೇ ಬೇರೆಯಾಗಿಬಿಡುತ್ತದೆ.

ಮಳೆಯ ದಿನವನ್ನು ಕಳೆದುಕೊಂಡ ದಿನವೆಂದು ಭಾವಿಸಬೇಡಿ. ಚರ್ಚಿನ ಸಮೀಪದ ವಸ್ತುಸಂಗ್ರಹಾಲಯದಲ್ಲಿ, 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಮೊದಲ ಬಾರಿಗೆ ಏರಿದ ಎಡ್ವರ್ಡ್ ವಿಂಪರ್ ತಂಡದ ಹಗ್ಗವನ್ನು ಇಟ್ಟಿದ್ದಾರೆ. ಏಳು ಜನರಲ್ಲಿ ನಾಲ್ವರು ಇಳಿಯುವಾಗ ಆ ಹಗ್ಗ ತುಂಡಾಗಿ ಪ್ರಾಣ ಕಳೆದುಕೊಂಡರು. ಅಷ್ಟು ತೆಳುವಾದ ಹಗ್ಗವನ್ನು ಕಣ್ಣಾರೆ ಕಂಡು, ಪಕ್ಕದಲ್ಲಿರುವ ಪರ್ವತಾರೋಹಿಗಳ ಸಮಾಧಿಗಳ ನಡುವೆ ನಡೆದು ಬಂದ ಮೇಲೆ ಶಿಖರವನ್ನು ನೋಡುವ ಕಣ್ಣೇ ಬದಲಾಗುತ್ತದೆ. ಮಳೆ ಹನಿಯುತ್ತಿದ್ದರೂ ಸ್ಮುಟ್ ಎಂಬ ಹಳ್ಳಿಯವರೆಗೆ ಕಾಡಿನ ಹಾದಿಯಲ್ಲಿ ಒಂದು ಗಂಟೆಯಷ್ಟು ನಡೆಯಬಹುದು. ಅದಕ್ಕೆ ಟಿಕೆಟ್ ಬೇಕಿಲ್ಲ.

ಊಟ ಮತ್ತು ಸಾಮಾನು

ಸಸ್ಯಾಹಾರಿಗಳಿಗೆ ರೋಸ್ಟಿ ಎಂಬ ಆಲೂಗಡ್ಡೆಯ ತಿನಿಸು, ಕರಗಿಸಿದ ಚೀಸಿನ ರಾಕ್ಲೆಟ್ ಮತ್ತು ಫಾಂಡ್ಯೂ ಸಿಗುತ್ತವೆ. ಫಾಂಡ್ಯೂವಿನಲ್ಲಿ ಸಾಮಾನ್ಯವಾಗಿ ಬಿಳಿ ವೈನ್ ಇರುತ್ತದೆ, ರೋಸ್ಟಿಗೆ ಕೆಲವೊಮ್ಮೆ ಮಾಂಸದ ಚೂರು ಹಾಕುತ್ತಾರೆ, ಕೇಳಿಯೇ ತರಿಸಿಕೊಳ್ಳಿ. ಒಂದು ಸಂಜೆ ಮಾತ್ರ ಒಳ್ಳೆಯ ಉಪಾಹಾರಗೃಹದಲ್ಲಿ ಮೇಜು ಕಾಯ್ದಿರಿಸಿ, ಉಳಿದ ದಿನ ಬುತ್ತಿ ಕಟ್ಟಿಕೊಂಡು ಹೋಗುವುದು ಜೇಬಿಗೂ ಹಿತ, ಕಾಲಿಗೂ ಹಿತ. ಊರಿನ ಕಾರಂಜಿ ತೊಟ್ಟಿಗಳ ನೀರು, ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದಿರದಿದ್ದರೆ, ಕುಡಿಯಬಹುದಾದದ್ದು. ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿರುತ್ತದೆ.

ಆಗಸ್ಟ್ ತಿಂಗಳಲ್ಲೂ ಮೇಲೆ ಹಿಮ ಬೀಳಬಹುದು. ಪದರ ಪದರವಾಗಿ ತೊಡುವ ಬಟ್ಟೆ, ಗಾಳಿ ಮಳೆ ತಡೆಯುವ ಜಾಕೆಟ್, ಹಿಡಿತವಿರುವ ಅಡಿಯ ಶೂ, ಕೈಗವಸು, ನೇರಳಾತೀತ ಕಿರಣ ತಡೆಯುವ ಕನ್ನಡಕ ಮತ್ತು ಸನ್‌ಸ್ಕ್ರೀನ್ ಇಬ್ಬರಿಗೂ ಬೇರೆಬೇರೆಯಾಗಿ ಇರಲಿ. ಹೊಸ ಶೂಗಳನ್ನು ಒಂದು ತಿಂಗಳ ಮೊದಲೇ ತೊಟ್ಟು ಪಳಗಿಸಿಕೊಳ್ಳಿ. ಸ್ವಿಸ್ ವಿದ್ಯುತ್ ಸಾಕೆಟ್‌ಗಳ ರಚನೆ ಯುರೋಪಿನ ಉಳಿದ ದೇಶಗಳಿಗಿಂತ ಭಿನ್ನ, ಸರಿಯಾದ ಅಡಾಪ್ಟರ್ ಒಯ್ಯಿರಿ. ತುರ್ತು ವೈದ್ಯಕೀಯ ಸಹಾಯದ ಸಂಖ್ಯೆ 144. ಇಬ್ಬರ ಫೋನಿನಲ್ಲೂ ಅದು ಇರಬೇಕು, ಏಕೆಂದರೆ ಸಹಾಯ ಬೇಕಾದವರ ಕೈಯಲ್ಲೇ ಫೋನ್ ಇದ್ದುಬಿಡಬಹುದು.

ಹೊರಡುವ ದಿನದ ರೈಲನ್ನು ಬೆಳಿಗ್ಗೆಗೆ ಇಡಬೇಡಿ, ಮಧ್ಯಾಹ್ನಕ್ಕೆ ಇಡಿ. ಆ ಕೊನೆಯ ಮುಂಜಾನೆ, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಚರ್ಚಿನ ಬಳಿಯ ಸೇತುವೆ ಕಿರ್ಶ್‌ಬ್ರುಕೆಗೆ ಹೋಗಿ ನಿಲ್ಲಿ. ಕೆಳಗೆ ಊರು ಇನ್ನೂ ಕತ್ತಲಲ್ಲಿರುವಾಗಲೇ ಶಿಖರದ ತುದಿಗೆ ಬೆಳಕು ತಾಗಿ, ಕೆಂಪು ಹೊಂಬಣ್ಣವಾಗಿ ಕೆಳಗಿಳಿಯತೊಡಗುತ್ತದೆ. ಹಿಂದಿನ ಮೂರು ದಿನ ಮೋಡವಿದ್ದವರಿಗೂ ಹೀಗೆ ಒಂದು ಅವಕಾಶ ಉಳಿದಿರುತ್ತದೆ. ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಕಟ್ಟಿಟ್ಟಿರಿ.